ಮೂರು ಹಾಳೆ, ಎರಡು ಮೊಳೆ

ಮೂವರೂ ಇಲ್ಲದೆ ಓದುವುದಿಲ್ಲ ಎಂದು ನಾವು ಅಪ್ಪನಿಗೆ ಮಾತು ಕೊಟ್ಟೆವು. ಅಣ್ಣ ಕೊಟ್ಟ, ನಾನು ಕೊಟ್ಟೆ, ತಮ್ಮ ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡೇ "ಹ್ಞೂಂ" ಅಂದ. "ಪೆನ್ಸಿಲ್ ತೆಗೆದು ಹೇಳು," ಅಂದರು ಅಪ್ಪ. ತೆಗೆದು ಹೇಳಿದ. ಆಗಿನ್ನೂ ಅವನ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ.

ಅಪ್ಪ ಬೋರ್ಡ್ ಬರೆಯುವವರು. ಅಂಗಡಿಯ ಹೆಸರು, ಶಾಲೆಯ ಗೋಡೆ, ಲಾರಿಯ ಹಿಂಬದಿ, ‘ಇಲ್ಲಿ ಗಾಡಿ ನಿಲ್ಲಿಸಬೇಡಿ’, ಏನು ಬೇಕಾದರೂ ಬರೆಯುತ್ತಿದ್ದರು. ಮುಖ್ಯ ರಸ್ತೆಯಲ್ಲಿ ತಲೆಯೆತ್ತಿ ನಡೆದರೆ ಅಪ್ಪನ ಕೈಬರಹವನ್ನೇ ಓದುತ್ತಾ ಹೋದ ಹಾಗಿರುತ್ತಿತ್ತು. ಅವರು ಕೆಲಸ ಮಾಡುತ್ತಿದ್ದ ಜಾಗ ಮನೆಯ ಹಿಂದಿನ ಶೆಡ್ಡು. ಮೂರು ಕಡೆ ತಗಡು, ಒಂದು ಕಡೆ ಮಾತ್ರ ಗೋಡೆ. ಒಳಗೆ ಟರ್ಪೆಂಟೈನ್ ವಾಸನೆ, ಕರಗಿದ ಮೇಣದ ವಾಸನೆ, ಬಣ್ಣ ಒರೆಸಿ ಒರೆಸಿ ಬಿರುಸಾದ ಚಿಂದಿಗಳು. ಆ ಚಿಂದಿಗಳು ರಟ್ಟಿನ ಹಾಗೆ ತಾವೇ ನಿಲ್ಲುತ್ತಿದ್ದವು. ತಮ್ಮ ಅವನ್ನು ಸಾಲಾಗಿ ನಿಲ್ಲಿಸಿ ಸೈನ್ಯ ಮಾಡಿ ಆಡುತ್ತಿದ್ದ.

ಗೋಡೆಯ ಮೇಲೆ ಎರಡು ಮೊಳೆ. ಎಡಗಡೆಯದು ನೆಟ್ಟಗಿತ್ತು. ಬಲಗಡೆಯದಕ್ಕೆ ತಮ್ಮ ಒಂದು ದಿನ ಜೋತುಬಿದ್ದು ಬಗ್ಗಿಸಿದ್ದ. ಅಪ್ಪ ಅದನ್ನು ನೇರ ಮಾಡಲು ಹೋಗಲಿಲ್ಲ. "ಬಗ್ಗಿದ ಮೊಳೆಗೆ ಬಗ್ಗಿದ ತೂತು," ಅಂದುಕೊಂಡು ಅವತ್ತಿನಿಂದ ಪ್ರತಿ ಹಾಳೆಯ ಬಲತುದಿಯಲ್ಲೂ ಸ್ವಲ್ಪ ಉದ್ದನೆಯ ತೂತು ಕೊರೆದರು. ಆ ಹಾಳೆಗಳನ್ನು ಬೇರೆ ಗೋಡೆಯ ನೇರ ಮೊಳೆಗೆ ಹಾಕಿದರೆ ಅಲ್ಲಾಡುತ್ತಿದ್ದವು. ನಮ್ಮ ಗೋಡೆಗೆ ಹಾಕಿದರೆ ಅಂಟಿಸಿದ ಹಾಗೆ ಕೂರುತ್ತಿದ್ದವು.

ಹಾಳೆ ಅಂದರೆ ಸ್ಟೆನ್ಸಿಲ್. ದಪ್ಪ ಕಾಗದಕ್ಕೆ ಮೇಣ ಕುಡಿಸಿ, ಮೊನಚು ಚಾಕುವಿನಿಂದ ಅಕ್ಷರ ಕೊರೆದು, ಗೋಡೆಗೆ ಹಿಡಿದು, ಮೋಟು ಬ್ರಷ್ಷಿನಿಂದ ಕುಟ್ಟಿದರೆ ಅಕ್ಷರ ಮೂಡುತ್ತದೆ. ಆದರೆ ನಮ್ಮ ಅಕ್ಷರಗಳು ಗುಂಡು ಗುಂಡು. ಸುತ್ತ ಕೊರೆದರೆ ಹೊಟ್ಟೆಯೂ ಕಳಚಿ ಬೀಳುತ್ತದೆ. ಬೀಳದ ಹಾಗೆ ಅಲ್ಲಲ್ಲಿ ಸಣ್ಣ ಕೊಂಡಿ ಬಿಡಬೇಕು, ಬಿಟ್ಟರೆ ಅಕ್ಷರದ ಮೈಮೇಲೆ ಬಿಳಿ ಗಾಯ. ಅಪ್ಪನಿಗೆ ಅದು ಸರಿಬರುತ್ತಿರಲಿಲ್ಲ. ಒಂದೇ ಅಕ್ಷರಕ್ಕೆ ಎರಡು ಹಾಳೆ ಕೊರೆದು, ಮೊದಲನೆಯದರ ಗಾಯವನ್ನು ಎರಡನೆಯದರಿಂದ ಮುಚ್ಚುತ್ತಿದ್ದರು. ಹಾಗೆ ಮಾಡುತ್ತಾ ಮಾಡುತ್ತಾ ಅವರಿಗೆ ಹೊಳೆದಿರಬೇಕು, ಒಂದು ಮಾತನ್ನು ಎರಡು ಮೂರು ಹಾಳೆಗೆ ಹಂಚಿದರೆ ಯಾವ ಹಾಳೆಯೂ ಒಂಟಿಯಾಗಿ ಬಾಯಿಬಿಡುವುದಿಲ್ಲ ಅಂತ.

ಅದರ ಅವಶ್ಯಕತೆ ಯಾಕೆ ಬಂತು ಅಂದರೆ, ನಾವು ಮೂವರೂ ಹಾವು ಮುಂಗುಸಿ. ಅಪ್ಪ ಪರವೂರಿಗೆ ಗೋಡೆ ಬರೆಯಲು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮ ಹೊಲಿಗೆ ಮಷೀನಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ನಾವು ಕಿಟಕಿ ಪಕ್ಕದ ಜಾಗಕ್ಕೆ ಜಗಳ, ದಿಂಬಿಗೆ ಜಗಳ, ಜಗಳ ಶುರು ಮಾಡಿದ್ದು ಯಾರು ಅನ್ನುವುದಕ್ಕೆ ಇನ್ನೊಂದು ಜಗಳ. ಒಂದು ಸಲ ಹೊರಡುವ ಮುಂಚೆ ಅಪ್ಪ ನಮ್ಮನ್ನು ಶೆಡ್ಡಿಗೆ ಕರೆದರು. "ದೊಡ್ಡೋನೆ, ನಡುವಿನೋಳೆ, ಚಿಕ್ಕೋನೆ," ಅಂದು ಒಬ್ಬೊಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟರು. "ಇದರಲ್ಲಿ ಒಂದು ವಿಷಯ ಇದೆ. ನಿಮ್ಮ ಹಾಳೆ ನೀವೇ ಕುಟ್ಟಬೇಕು, ಬೇರೆಯವರಿಗೆ ಕೊಡೋ ಹಾಗಿಲ್ಲ. ಈ ಗೋಡೆ ಮೇಲೇ ಕುಟ್ಟಬೇಕು. ಮೂವರೂ ಇದ್ದಾಗ ಮಾತ್ರ. ಮಾತು ಕೊಡಿ."

ಆಗ ಕೊಟ್ಟದ್ದೇ ಆ ಮಾತು.

ಅಪ್ಪ ಬೀದಿಯ ತಿರುವು ದಾಟುವುದರೊಳಗೆ ತಮ್ಮ ತನ್ನ ಹಾಳೆಯನ್ನು ನೆಲಕ್ಕೆ ಹಾಸಿ ಕದ್ದು ಕುಟ್ಟಿ ನೋಡಿದ. ಇರುವೆಗಳು ದಾರಿ ತಪ್ಪಿದ ಹಾಗೆ ಬಂತು. ಅಣ್ಣ ಬುದ್ಧಿವಂತ. ಮೂರೂ ಹಾಳೆಯನ್ನು ಒಟ್ಟಿಗೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿಯೋಣ ಅಂದ. ಹಿಡಿದೆವು. ಕತ್ತಲೆ. ಒಬ್ಬರ ತೂತನ್ನು ಇನ್ನೊಬ್ಬರ ಹಾಳೆ ಮುಚ್ಚಿತ್ತು. ಒಟ್ಟಿಗೆ ನುಗ್ಗಿದರೆ ಏನೂ ಕಾಣುವುದಿಲ್ಲ, ಒಬ್ಬರಾದ ಮೇಲೆ ಒಬ್ಬರು ಅದೇ ಜಾಗಕ್ಕೆ ಬರಬೇಕು. ಅಷ್ಟೇ ಅಲ್ಲ, ಒಬ್ಬರ ಬಣ್ಣ ಒಣಗುವ ತನಕ ಇನ್ನೊಬ್ಬರ ಹಾಳೆ ನೇತುಹಾಕುವಂತಿಲ್ಲ, ಹಾಕಿದರೆ ಎಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಕಾಯಬೇಕು. ಕಾಯುವಾಗ ಪಕ್ಕಪಕ್ಕ ಕೂತಿರಬೇಕು. ಅಪ್ಪನ ಉಪಾಯದಲ್ಲಿ ಅದೂ ಸೇರಿತ್ತು ಅಂತ ನನಗೆ ಅರ್ಥವಾದದ್ದು ನನಗೇ ಎರಡು ಮಕ್ಕಳಾಗಿ, ಅವು ಒಂದೇ ಚಾರ್ಜರಿಗೆ ಕಿತ್ತಾಡಲು ಶುರು ಮಾಡಿದ ಮೇಲೆ.

ಮೂರನೆಯ ಹಾಳೆ ಇಳಿಸಿದಾಗ ಗೋಡೆಯ ಮೇಲೆ ಅಪ್ಪನ ದುಂಡಕ್ಷರ. ‘ಬಿಸ್ಕತ್ ಡಬ್ಬ ಹೊಲಿಗೆ ಮಷೀನಿನ ಕೆಳಗೆ. ಬ್ರಷ್ ತೊಳೆದಿಡಿ.’

ಓಡಿದೆವು. ಅಮ್ಮ ಕಾಲೆತ್ತಿ ಡಬ್ಬ ಎಳೆದು ಕೊಡುತ್ತಾ ಗೊಣಗಿದಳು. "ನನ್ನ ಕಾಲಬುಡದಲ್ಲಿ ಇಟ್ಟು ಗೋಡೆ ಮೇಲೆ ಬರೀತಾರೆ. ಬಾಯಲ್ಲಿ ಹೇಳೋದಕ್ಕೆ ಏನು ರೋಗ ಇವರಿಗೆ?"

ಆಮೇಲೆ ಪ್ರತಿ ಪ್ರವಾಸಕ್ಕೂ ಮೂರು ಹೊಸ ಹಾಳೆ. ಒಂದು ಸಲ ಗಾಳಿಪಟದ ದಾರ ಎಲ್ಲಿದೆ ಅಂತ. ಒಂದು ಸಲ ‘ಅಮ್ಮನ ಕಾಲು ಒತ್ತಿ’ ಅಂತ ಅಷ್ಟೇ. ನಾವು ಇಡೀ ಮಧ್ಯಾಹ್ನ ಕಷ್ಟಪಟ್ಟು ಓದಿ ಮೋಸಹೋದವರ ಹಾಗೆ ಕೂತೆವು, ಆಮೇಲೆ ಹೋಗಿ ಒತ್ತಿದೆವು. ಏನೇ ಇರಲಿ, ಕೊನೆಯಲ್ಲಿ ‘ಬ್ರಷ್ ತೊಳೆದಿಡಿ’ ಇದ್ದೇ ಇರುತ್ತಿತ್ತು. "ಅರ್ಧ ಗೋಡೆ ಬ್ರಷ್ಷಿಗೇ ಹೋಗುತ್ತೆ," ಅಂತ ಅಣ್ಣ ಬೈಯುತ್ತಿದ್ದ. ಓದಿಯಾದ ಮೇಲೆ ಅದರ ಮೇಲೆ ಸುಣ್ಣ ಬಳಿಯಬೇಕು, ಮುಂದಿನ ಸಲಕ್ಕೆ ಗೋಡೆ ಬಿಳಿಯಾಗಿರಬೇಕು. ಬಳಿದು ಬಳಿದು ಆ ಗೋಡೆ ಊದಿಕೊಂಡಿತ್ತು. ಮೂಲೆಯಲ್ಲಿ ಚಕ್ಕೆ ಎದ್ದ ಕಡೆ ನೋಡಿದರೆ ಸುಣ್ಣ, ನೀಲಿ, ಸುಣ್ಣ, ನೀಲಿ, ಪದರ ಪದರವಾಗಿ ಕಾಣುತ್ತಿತ್ತು. ನಮ್ಮ ಬಾಲ್ಯವೆಲ್ಲ ಬೆರಳಿನಷ್ಟು ದಪ್ಪ.

ಮಕ್ಕಳು ದೊಡ್ಡವರಾದರೆ ಬಿಸ್ಕತ್ತಿಗೆ ಯಾರು ಕಾಯುತ್ತಾರೆ? ಹಾಳೆಗಳು ನಿಂತವು. ಅಮ್ಮ ಹೋದಳು. ನಾನು ಮದುವೆಯಾಗಿ ಎರಡು ಬಸ್ಸಿನಾಚೆಯ ಬಡಾವಣೆಗೆ ಬಂದೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದೆ. ದಿನವಿಡೀ ಬಿಸಿ ರೋಲರಿನ ಬಾಯಿಂದ ಬರುವ ಬಿಳಿ ಬೆಡ್‌ಶೀಟಿನ ತುದಿ ಹಿಡಿಯುವುದು, ಎದುರಿನವಳು ಇನ್ನೊಂದು ತುದಿ ಹಿಡಿಯುವುದು, ಇಬ್ಬರೂ ಹತ್ತಿರ ಬಂದು ಮಡಿಸುವುದು. ಅಲ್ಲೂ ಒಬ್ಬರಿಂದ ಆಗುವ ಕೆಲಸವಲ್ಲ ನೋಡಿ. ತಮ್ಮ ಅಪ್ಪನ ಜೊತೆಗೇ ಬ್ರಷ್ ಹಿಡಿದ. ಅಣ್ಣ ಮುಖ್ಯ ರಸ್ತೆಯಲ್ಲಿ ಅಂಗಡಿ ಹಿಡಿದು ಫ್ಲೆಕ್ಸ್ ಮಷೀನು ತಂದ.

ಮಷೀನು ಬಂದ ದಿನ ಅಪ್ಪ ನೋಡಲು ಹೋಗಿದ್ದರು. ನಾನೂ ಇದ್ದೆ. ಒಂದು ಕಡೆಯಿಂದ ಬಿಳಿ ಶೀಟು ಒಳಗೆ ಹೋಗಿ ಇನ್ನೊಂದು ಕಡೆಯಿಂದ ಬಣ್ಣ, ಅಕ್ಷರ, ಯಾರದೋ ನಗುವ ಮುಖ ಎಲ್ಲ ಸೇರಿ ಬರುತ್ತಿತ್ತು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಒಣಗೋಕೆ ಎಷ್ಟು ಹೊತ್ತು ಬೇಕು?" ಅಂತ ಕೇಳಿದರು.

"ಒಣಗಿಸೋದೇ ಬೇಡಪ್ಪ. ಬಂದ ಹಾಗೇ ಸುತ್ತಿ ಕೊಟ್ಟರಾಯ್ತು."

"ಹಾಗಾದ್ರೆ ಕಾಯೋ ಕೆಲಸಾನೇ ಇಲ್ಲ," ಅಂದರು. ಮೆಚ್ಚಿದ್ದೋ ಮರುಗಿದ್ದೋ ತಿಳಿಯಲಿಲ್ಲ. ಮರುದಿನ ಅಣ್ಣನ ಅಂಗಡಿಯ ಬೋರ್ಡನ್ನು ಏಣಿ ಹತ್ತಿ ಕೈಯಲ್ಲೇ ಬರೆದುಕೊಟ್ಟರು. ಫ್ಲೆಕ್ಸ್ ಅಂಗಡಿಗೆ ಬಣ್ಣದ ಬೋರ್ಡು. ಜನ ನಕ್ಕರು, ಅಪ್ಪನೂ ನಕ್ಕರು.

ತಮ್ಮ ನಗಲಿಲ್ಲ. ಕೆಲಸ ಕಡಿಮೆಯಾಗುತ್ತಾ ಬಂದ ಹಾಗೆ ಅವನ ಮಾತೂ ಕಡಿಮೆಯಾಯಿತು. ಅಪ್ಪ ಬರೆದ ಬೋರ್ಡುಗಳ ಮೇಲೆ ಒಂದೊಂದಾಗಿ ಅಣ್ಣನ ಫ್ಲೆಕ್ಸ್ ಏರಿತು. ತಮ್ಮ ದಾರಿಯಲ್ಲಿ ತಲೆಯೆತ್ತಿ ನಡೆಯುವುದನ್ನೇ ಬಿಟ್ಟ. ಕೊನೆಗೆ ಬಸ್ ಡಿಪೋದಲ್ಲಿ ಬಸ್ಸುಗಳಿಗೆ ನಂಬರ್ ಬರೆಯುವ ಕೆಲಸಕ್ಕೆ ಸೇರಿದ.

ಅಪ್ಪ ಹಾಸಿಗೆ ಹಿಡಿಯುವ ಮೊದಲು ಇನ್ನೊಂದೇ ಒಂದು ಸಲ ಹಾಳೆ ಕೊರೆದರು. ನನ್ನದನ್ನು ನನ್ನ ಮನೆಗೇ ತಂದುಕೊಟ್ಟರು, ಬಸ್ಸಿನಲ್ಲಿ ಮಡಿಚಿಹೋಗದ ಹಾಗೆ ಎದೆಗೆ ಆನಿಸಿಕೊಂಡು. ನಾನು ಬೆಳಕಿಗೆ ಹಿಡಿದು ನೋಡಿದೆ. ಹಿಂದಿನ ಹಾಳೆಗಳಿಗಿಂತ ತೂತು ಜಾಸ್ತಿ ಇತ್ತು, ಜಾಳುಜಾಳಾಗಿ ಜರಡಿಯ ಹಾಗೆ. ಅಲ್ಲೊಂದು ಇಲ್ಲೊಂದು ಅಕ್ಷರ ಸಿಕ್ಕ ಹಾಗಾಗಿ ಕೈತಪ್ಪುತ್ತಿತ್ತು, ಸೇರಿಸಿದರೆ ಮಾತಾಗುತ್ತಿರಲಿಲ್ಲ.

"ಇದೇನಪ್ಪ, ಇಷ್ಟೊಂದು ಕೊರೆದಿದೀರ? ಕೈ ನಡುಗ್ತಾ ಇದೆಯಾ?"

"ಕೈ ನಡುಗುತ್ತೆ. ಚಾಕು ನಡುಗಲ್ಲ," ಅಂದರು. "ದೊಡ್ಡೋನಿಗೆ ಕೊಟ್ಟಾಯ್ತು, ಚಿಕ್ಕೋನಿಗೂ ಕೊಟ್ಟಾಯ್ತು. ಗೋಡೆಗೆ ಸುಣ್ಣ ನೀವೇ ಬಳಿದುಕೊಳ್ಳಿ."

"ಯಾವಾಗ ಓದಬೇಕು?"

"ಸಂದರ್ಭ ಬಂದಾಗ ಗೊತ್ತಾಗುತ್ತೆ. ಹಳೇ ಮಾತು ನೆನಪಿದೆ ತಾನೆ?"

"ಇದೆ," ಅಂದೆ. ಟೀ ಕುಡಿದು, ಮಕ್ಕಳ ತಲೆ ಸವರಿ ಹೊರಟುಹೋದರು.

ಅಪ್ಪ ತೀರಿಕೊಂಡ ದಿನ, ಬಂದವರೆಲ್ಲ ಹೋದ ಮೇಲೆ, ಶೆಡ್ಡಿನ ಬಾಗಿಲಲ್ಲಿ ಅಣ್ಣ ತಮ್ಮ ಎದುರಾದರು. ತಮ್ಮ ಮೆಲ್ಲಗೆ ಹೇಳಿದ, ಕೂಗಲಿಲ್ಲ. "ಅಪ್ಪನ ಕೈ ತಿಂದದ್ದು ನಿನ್ನ ಮಷೀನು." ಅಣ್ಣನೂ ಅಷ್ಟೇ ಮೆಲ್ಲಗೆ ಹೇಳಿದ. "ಅಪ್ಪನ ಔಷಧಿ ತಂದದ್ದೂ ಅದೇ ಮಷೀನು." ಇಬ್ಬರ ಮಾತಲ್ಲೂ ಸುಳ್ಳಿರಲಿಲ್ಲ. ಅದಕ್ಕೇ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ವರ್ಷಗಳೇ ಕಳೆದವು. ಮಕ್ಕಳ ಹುಟ್ಟುಹಬ್ಬಕ್ಕೆ ಒಬ್ಬ ಬೆಳಿಗ್ಗೆ ಬಂದರೆ ಇನ್ನೊಬ್ಬ ಸಂಜೆ ಬರುತ್ತಿದ್ದ. ನಾನು ಎರಡು ಸಲ ಕೇಕ್ ಕತ್ತರಿಸುತ್ತಿದ್ದೆ.

ಮೊನ್ನೆ ಅಪ್ಪ ಬಾಡಿಗೆಗಿದ್ದ ಮನೆಯ ಓನರಮ್ಮ ಫೋನ್ ಮಾಡಿದರು. ನಮ್ಮ ಹಳೇ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಶೆಡ್ಡು ಮಾತ್ರ ಹಾಗೇ ಬೀಗ ಹಾಕಿಕೊಂಡು ಬಿದ್ದಿತ್ತು. "ಸೋಮವಾರ ಕೆಡವ್ತೀವಮ್ಮ. ನಿಮ್ಮಪ್ಪನ ಸಾಮಾನು ಏನಾದ್ರೂ ಇದ್ರೆ ತಗೊಂಡು ಹೋಗಿ. ಗೋಡೆ ಬೇರೆ ಬಿರುಕು ಬಿಟ್ಟಿದೆ, ನಿಲ್ಲಲ್ಲ."

ನಾನು ಲಾಂಡ್ರಿಯ ಮೆಟ್ಟಿಲ ಮೇಲೆ ಕೂತು ಮೊದಲು ಅಣ್ಣನಿಗೆ ಫೋನ್ ಮಾಡಿದೆ.

"ಪುಟ್ಟಿ, ಅಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀಯ?" ಅಂದ. "ನನ್ನ ಹಾಳೆ ಇದೆ, ಜೋಪಾನವಾಗಿದೆ. ನಿನ್ನದರ ಫೋಟೋ ತೆಗೆದು ಕಳಿಸು. ಅವನ ಹತ್ರಾನೂ ಒಂದು ಫೋಟೋ ತರಿಸು. ಕಂಪ್ಯೂಟರಲ್ಲಿ ಮೂರನ್ನೂ ಒಂದರ ಮೇಲೊಂದು ಇಟ್ಟರೆ ಎರಡೇ ನಿಮಿಷ. ಓದಿ ಎಲ್ಲರಿಗೂ ಕಳಿಸ್ತೀನಿ."

"ಮಾತು ಕೊಟ್ಟಿರೋದು ಹಾಗಲ್ಲ ಅಣ್ಣ."

"ಅಪ್ಪ ಇದ್ದಿದ್ರೆ ಅವರೇ ಒಪ್ಪೋರು."

"ಅಪ್ಪ ಇದ್ದಿದ್ರೆ ನೀವಿಬ್ಬರೂ ಮಾತಾಡ್ತಾ ಇದ್ರಿ."

"ಅವನು ಬರ್ತಾನೆ ಅಂದ್ರೆ ನೋಡ್ತೀನಿ," ಅಂದ.

ತಮ್ಮನಿಗೆ ಮಾಡಿದೆ. "ಅಕ್ಕ, ನನ್ನ ಹಾಳೆ ಬೇಕಾದ್ರೆ ನಿನಗೆ ಕೊಟ್ಟುಬಿಡ್ತೀನಿ. ನೀನೂ ಆ ಮಹಾನುಭಾವರೂ ಸೇರಿಕೊಂಡು ಓದಿ ನನಗೆ ಹೇಳು."

"ನನಗೆ ಹಾಳೆ ಬೇಡ. ನೀನು ಬೇಕು."

"ಅವನು ಬರ್ತಾನಾ?"

"ನೀನು ಬರ್ತೀಯ ಅಂದ್ರೆ ಬರ್ತಾನಂತೆ."

"ಮೊದಲು ಅವನು ಬರಲಿ."

ಇವನು ಬಂದರೆ ಅವನು, ಅವನು ಬಂದರೆ ಇವನು. ಲಾಂಡ್ರಿಯಲ್ಲಿ ಶೀಟಿನ ತುದಿ ಇಬ್ಬರೂ ಒಟ್ಟಿಗೆ ಎಳೆದರೆ ಮಡಿಕೆ ಬೀಳುವುದಿಲ್ಲ, ಒಬ್ಬರು ಸಡಿಲ ಬಿಡಬೇಕು. ನನಗೆ ಆ ಗೋಡೆಯ ಮೇಲಿನ ಮಾತು ಎಷ್ಟು ಬೇಕಾಗಿತ್ತೋ, ಅದರ ಮುಂದೆ ಆ ಇಬ್ಬರು ನಿಂತಿರುವುದು ಅದಕ್ಕಿಂತ ಹೆಚ್ಚು ಬೇಕಾಗಿತ್ತು. ಇಬ್ಬರಿಗೂ ಒಂದೇ ಮೆಸೇಜ್ ಹಾಕಿದೆ. ‘ಭಾನುವಾರ ಮಧ್ಯಾಹ್ನ. ಸುಣ್ಣ ನಾನು ಬಳೀತೀನಿ.’

ಬಳಿದೆ. ಬೆಳಗಿನ ಶಿಫ್ಟ್ ಮುಗಿಸಿ, ಮಕ್ಕಳಿಗೆ ಊಟ ಇಟ್ಟು, ಬಕೆಟ್ಟು ಹಿಡಿದು ಎರಡು ಬಸ್ಸು ಬದಲಿಸಿ ಹೋದೆ. ಬೀಗ ತುಕ್ಕು ಹಿಡಿದಿತ್ತು, ಓನರಮ್ಮ ಎಣ್ಣೆ ಬಿಟ್ಟು ತೆಗೆದುಕೊಟ್ಟರು. ಒಳಗೆ ಧೂಳಿನ ಕೆಳಗೆ ಅದೇ ಟರ್ಪೆಂಟೈನ್ ವಾಸನೆ. ಮೊಳೆಗಳೆರಡೂ ಇದ್ದವು, ಬಗ್ಗಿದ್ದು ಬಗ್ಗಿಯೇ ಇತ್ತು. ಸುಣ್ಣ ಒಣಗುವ ತನಕ ಬಣ್ಣ ಕಲಸಿದೆ. ಅಪ್ಪನ ಮೋಟು ಬ್ರಷ್ಷುಗಳು ಡಬ್ಬದಲ್ಲಿ ತಲೆ ಮೇಲಾಗಿ ನಿಂತಿದ್ದವು, ಒಂದೊಂದೂ ತೊಳೆದಿಟ್ಟದ್ದು.

ಅಣ್ಣ ಬಂದ. ಕೈಯಲ್ಲಿ ಅಳತೆಯ ಟೇಪು. "ಈ ಕಡೆ ಒಂದು ಅಂಗಡಿ ಅಳತೆ ತಗೋಬೇಕಿತ್ತು, ಹಾಗೇ ಬಂದೆ," ಅಂದ. ಭಾನುವಾರ ಯಾವ ಅಂಗಡಿ ಅಂತ ನಾನು ಕೇಳಲಿಲ್ಲ. ಹಾಳೆಯನ್ನು ಫ್ಲೆಕ್ಸ್ ಸುತ್ತುವ ಕೊಳವೆಯಲ್ಲಿ ಇಟ್ಟು ತಂದಿದ್ದ. ಒಂದು ಮಡಿಕೆ ಇಲ್ಲ, ಕಲೆ ಇಲ್ಲ.

ತಮ್ಮ ಬರಲಿಲ್ಲ.

ಕಾದೆವು. ಅಣ್ಣ ಮೂಲೆಯ ಚಕ್ಕೆ ಎಬ್ಬಿಸಿ ಪದರ ಎಣಿಸಿದ, ಅರ್ಧಕ್ಕೆ ಬಿಟ್ಟ. ಹೊರಗೆ ಹೋಗಿ ಬೀದಿಯ ತುದಿ ನೋಡಿ ಬಂದ, ಬಂದು "ಗಾಳಿಗೆ ಹೋಗಿದ್ದೆ" ಅಂದ. ತಮ್ಮನ ಫೋನು ರಿಂಗಾಗುತ್ತಿತ್ತು, ತೆಗೆಯುತ್ತಿರಲಿಲ್ಲ. ತಗಡಿನ ಸಂದಿಯಿಂದ ಬೀಳುತ್ತಿದ್ದ ಬೆಳಕು ನೆಲದಿಂದ ಏರಿ ಗೋಡೆಗೆ ಬಂತು.

"ನಾಳೆ ಗೋಡೆ ಇರಲ್ಲ ಪುಟ್ಟಿ," ಅಂದ ಅಣ್ಣ.

"ಗೊತ್ತು."

"ನನ್ನದು ನಾನು ಕುಟ್ತೀನಿ. ನಿನ್ನದು ನೀನು ಕುಟ್ಟು. ಎಷ್ಟು ಬರುತ್ತೋ ಬರಲಿ. ಉಳಿದದ್ದು ಊಹೆ ಮಾಡೋಣ."

"ಮೂವರೂ ಇಲ್ಲದೆ ಓದಲ್ಲ ಅಂದಿದ್ವಿ."

"ಎರಡು ಹಾಳೆ ಕುಟ್ಟಿದರೆ ಓದೋಕೆ ಏನು ಬರುತ್ತೆ? ಇರುವೆ ಸಾಲು. ಓದೋಕೆ ಬಂದರೆ ತಾನೆ ಮಾತು ಮುರಿಯೋದು."

ಅಣ್ಣನ ವಾದ ಯಾವಾಗಲೂ ಹೀಗೇ, ಬಾಗಿಲು ಹಾಕಿದ್ದರೆ ಕಿಟಕಿಯಿಂದ ಬರುತ್ತದೆ. ಆದರೆ ನನಗೂ ಆಸೆಯಿತ್ತು. ಅಪ್ಪನ ಅಕ್ಷರದ ಒಂದು ತುಂಡಾದರೂ ಆ ಗೋಡೆಯ ಮೇಲೆ ಕೊನೆಯ ಸಲ ನೋಡಬೇಕು ಅನ್ನಿಸಿತು. "ಕುಟ್ಟು," ಅಂದೆ.

ಅವನು ಹಾಳೆಯನ್ನು ಮೊಳೆಗೆ ಹಾಕಿದ. ಬಲತುದಿಯನ್ನು ಬಗ್ಗಿದ ಮೊಳೆಗೆ ಸಿಕ್ಕಿಸುವಾಗ ಅವನ ಬೆರಳು ತಾನಾಗಿಯೇ ಒಂಚೂರು ತಿರುಗಿತು, ಮರೆತಿರಲಿಲ್ಲ. ಬ್ರಷ್ಷಿಗೆ ಬಣ್ಣ ಹೆಚ್ಚು ತೆಗೆದುಕೊಂಡ. "ಒರೆಸಿಕೋ," ಅಂದೆ. ಒರೆಸಿಕೊಂಡು ಕುಟ್ಟಿದ. ಇಳಿಸಿದಾಗ ಚೂರು ಚೂರು ಗೆರೆಗಳು. ಒಣಗುವ ತನಕ ಬಣ್ಣದ ಡಬ್ಬಗಳ ಮೇಲೆ ಪಕ್ಕಪಕ್ಕ ಕೂತೆವು. ಅವನಿಗೆ ನನ್ನ ಮಗಳು ಯಾವ ಕ್ಲಾಸು ಅನ್ನುವುದೂ ನೆನಪಿರಲಿಲ್ಲ. ಹೇಳಿದೆ. ಅವನ ಹೆಂಡತಿಗೆ ಮಂಡಿನೋವು ಅನ್ನುವುದು ನನಗೆ ಗೊತ್ತಿರಲಿಲ್ಲ. ಹೇಳಿದ.

ಆಮೇಲೆ ನಾನು ನನ್ನ ಹಾಳೆ ನೇತುಹಾಕಿ, ಮೇಲಿನ ಸಾಲಿನಿಂದ ಕೆಳಗಿನ ತನಕ ಕುಟ್ಟಿ, ಎರಡೂ ಕೈಯಿಂದ ಎತ್ತಿ ಇಳಿಸಿದೆ.

ಅಣ್ಣ ಎದ್ದು ನಿಂತ.

ಒಂದು ಅಕ್ಷರವೂ ಅರ್ಧ ಇರಲಿಲ್ಲ. ಕೆಲವು ಗೆರೆ ಗಾಢ, ಕೆಲವು ತಿಳಿ, ಆದರೆ ಪೂರ್ತಿ. ಹೊಟ್ಟೆ, ಬಾಲ, ತಲೆಕಟ್ಟು ಎಲ್ಲ ಇತ್ತು. ಬೇಡವೆಂದರೂ ಕಣ್ಣು ಓದಿಯೇಬಿಟ್ಟಿತು.

‘ಬರದೆ ಉಳಿದವರ ಮನೆಗೆ ಇಬ್ಬರೂ ಹೋಗಿ. ಬ್ರಷ್ ತೊಳೆದಿಟ್ಟು ಹೋಗಿ.’

ಅಣ್ಣ ನನ್ನ ಹಾಳೆಯನ್ನೂ ತನ್ನ ಹಾಳೆಯನ್ನೂ ಎರಡು ಕೈಯಲ್ಲಿ ಹಿಡಿದು ಅಕ್ಕಪಕ್ಕ ನೋಡಿದ. ಆಮೇಲೆ ಗೋಡೆ ನೋಡಿದ. ಅವನಿಗೆ ಇಂಥದ್ದು ಬೇಗ ಹೊಳೆಯುತ್ತದೆ.

"ಪ್ರತಿ ಅಕ್ಷರಾನೂ ಮೂರು ತುಂಡು ಮಾಡಿದಾರೆ," ಅಂದ. "ಆದರೆ ಒಂದೊಂದು ತುಂಡನ್ನೂ ಎರಡೆರಡು ಹಾಳೆಯಲ್ಲಿ ಕೊರೆದಿದಾರೆ. ಅದಕ್ಕೇ ತೂತು ಜಾಸ್ತಿ. ಒಬ್ಬರ ಹಾಳೆ ಸಾಲಲ್ಲ. ಯಾವ ಇಬ್ಬರು ಬಂದರೂ ಸಾಕು." ಹಾಳೆಗಳನ್ನು ಕೆಳಗಿಟ್ಟು ಹೇಳಿದ. "ನೀನೂ ಅವನೂ ಬಂದು ನಾನು ಬರದೆ ಇದ್ದಿದ್ರೂ ಇದೇ ಬರ್ತಿತ್ತು."

"ಹೂಂ."

"ನಾನು ಬರಲ್ಲ ಅಂತಲೇ ಅಂದುಕೊಂಡಿರಬೇಕು ಅಪ್ಪ."

"ಯಾರೋ ಒಬ್ಬರು ಬರಲ್ಲ ಅಂದುಕೊಂಡಿದಾರೆ. ಯಾರು ಅಂತ ಬರೆದಿಲ್ಲ," ಅಂದೆ.

ನಡುಗುವ ಕೈಯಲ್ಲಿ ಎರಡರಷ್ಟು ತೂತು ಕೊರೆದದ್ದು ಇದಕ್ಕೆ. ನಾನು ಕೈ ನಡುಗ್ತಾ ಇದೆಯಾ ಅಂತ ಕೇಳಿದ್ದೆ. ಅಣ್ಣ ಬ್ರಷ್ಷುಗಳನ್ನು ಎತ್ತಿಕೊಂಡು ಹಿತ್ತಿಲ ನಲ್ಲಿಗೆ ಹೋದ. ಬಹಳ ಹೊತ್ತು ನೀರಿನ ಸದ್ದು ಕೇಳಿಸುತ್ತಲೇ ಇತ್ತು. ಎರಡು ಬ್ರಷ್ ತೊಳೆಯಲು ಅಷ್ಟು ನೀರು ಬೇಕಾಗುವುದಿಲ್ಲ. ನಾನು ಕರೆಯಲಿಲ್ಲ.

ಅವನ ಗಾಡಿಯಲ್ಲಿ ಹೋದೆವು. ತಮ್ಮನ ಮನೆ ಡಿಪೋ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ. ಮೆಟ್ಟಿಲ ಕೆಳಗೆ ಅಣ್ಣ ನಿಂತ. "ನೀನು ಮುಂದೆ ನಡಿ."

"ಇಬ್ಬರೂ ಅಂತ ಬರೆದಿದೆ," ಅಂದೆ. ಹತ್ತಿದ.

ಬಾಗಿಲು ತೆಗೆದದ್ದು ತಮ್ಮನ ಹೆಂಡತಿ. ಅಣ್ಣನನ್ನು ನೋಡಿ ಒಂದು ಗಳಿಗೆ ತಡೆದಳು, ಆಮೇಲೆ ಪೂರ್ತಿ ಬಾಗಿಲು ತೆರೆದಳು. "ಬನ್ನಿ ಭಾವ. ಬನ್ನಿ ಅಕ್ಕ. ನೀವೇ ನೋಡಿ ನಿಮ್ಮ ತಮ್ಮನ್ನ. ಬೆಳಿಗ್ಗೆಯಿಂದ ಶೂ ಹಾಕಿಕೊಂಡು ಕೂತಿದಾರೆ. ಬಿಚ್ಚೋದೂ ಇಲ್ಲ, ಹೊರಡೋದೂ ಇಲ್ಲ. ನನಗೆ ನೆಲ ಒರೆಸೋಕೂ ಆಗಿಲ್ಲ."

ತಮ್ಮ ಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಶೂ, ತೊಡೆಯ ಮೇಲೆ ಹಾಳೆ. ಏಳಲು ಹೋಗಿ ಕೂತ. ಅವನ ಕಣ್ಣು ಅಣ್ಣನ ಮುಖಕ್ಕೆ ಹೋಗಲಿಲ್ಲ, ಕೈಗೆ ಹೋಯಿತು. ಉಗುರಿನ ಸಂದಿಯಲ್ಲಿ ನೀಲಿ ಇತ್ತು.

"ಕುಟ್ಟಿದೆಯಾ?" ಅಂದ.

"ಕುಟ್ಟಿದೆ," ಅಂದ ಅಣ್ಣ.

"ಬಣ್ಣ ಒಳಗೆ ಹರಿದಿರಬೇಕು."

"ಸ್ವಲ್ಪ."

"ಗೊತ್ತಿತ್ತು. ಒರೆಸಿಕೊಳ್ಳದೆ ಕುಟ್ತೀಯ. ಚಿಕ್ಕಂದಿನಿಂದ ಇದೇ."

"ಪುಟ್ಟಿ ಹೇಳಿದ ಮೇಲೆ ಒರೆಸಿಕೊಂಡೆ."

ತಮ್ಮನ ಹೆಂಡತಿ ಒಳಗೆ ಹೋಗಿ ಟೀಗೆ ನೀರಿಟ್ಟಳು. ಅವರಿಬ್ಬರೂ ಟೀ ಕುಡಿದರು, ನಾನು ನಡುವೆ ಕೂತಿದ್ದೆ. ಅಣ್ಣ ಕೊನೆಗೆ ಲೋಟವನ್ನು ನೆಲಕ್ಕಿಟ್ಟ. "ನೀನು ಅವತ್ತು ಹೇಳಿದ್ದು ಸುಳ್ಳೇನಲ್ಲ," ಅಂದ. ತಮ್ಮ ಹಾಳೆಯ ತುದಿಯನ್ನು ಬೆರಳಿನಿಂದ ತೀಡುತ್ತಿದ್ದ. "ನೀನು ಹೇಳಿದ್ದೂ," ಅಂದ. ಅದಕ್ಕಿಂತ ಹೆಚ್ಚಿಗೆ ನಾನು ಕಾಯಲಿಲ್ಲ, ಇಬ್ಬರನ್ನೂ ಎಬ್ಬಿಸಿ ಗಾಡಿ ಹತ್ತಿಸಿದೆ. ಗೋಡೆ ಇನ್ನೂ ನಿಂತಿತ್ತು.

"ಏನು ಬರೆದಿದಾರೆ?" ಅಂತ ತಮ್ಮ ಗಾಡಿಯಲ್ಲಿ ಕೇಳಿದ.

"ಬಂದು ನೋಡು," ಅಂದ ಅಣ್ಣ.

ಶೆಡ್ಡಿನ ಬಲ್ಬು ಹಾಕಿದೆವು. ಗೋಡೆಯ ಮುಂದೆ ನಿಂತು ತಮ್ಮ ಓದಿದ. ಇನ್ನೊಂದು ಸಲ ಓದಿದ. ತೊಳೆದಿಟ್ಟ ಬ್ರಷ್ಷನ್ನು ಮುಟ್ಟಿ ನೋಡಿ, "ಬೇರಿನ ತನಕ ತೊಳೆದಿಲ್ಲ," ಅಂದ. ಆಮೇಲೆ ತನ್ನ ಹಾಳೆಯನ್ನು ತಾನೇ ಬಗ್ಗಿಸಿದ ಮೊಳೆಗೆ ಸಿಕ್ಕಿಸಿ, ಬ್ರಷ್ಷನ್ನು ಚಿಂದಿಗೆ ಒರೆಸಿಕೊಂಡು, ಅಪ್ಪನ ಹಾಗೆಯೇ ಮಣಿಕಟ್ಟು ಅಲ್ಲಾಡಿಸದೆ ಕುಟ್ಟಿದ. ಇಳಿಸಿದಾಗ ಒಂದು ಅಕ್ಷರವೂ ಹೆಚ್ಚಾಗಿರಲಿಲ್ಲ. ತಿಳಿಯಾಗಿದ್ದ ಗೆರೆಗಳೆಲ್ಲ ಗಾಢವಾಗಿ, ಬಣ್ಣ ಮಾತ್ರ ಎಲ್ಲ ಕಡೆ ಸಮವಾಗಿತ್ತು.

ಒಣಗುವ ತನಕ ಡಬ್ಬಗಳ ಮೇಲೆ ಕೂತೆವು. ಕೂರಬೇಕಾಗಿರಲಿಲ್ಲ, ಮೇಲೆ ಹಾಕಲು ಇನ್ನು ಹಾಳೆ ಇರಲಿಲ್ಲ. ಸೋಮವಾರ ಗೋಡೆ ಕೆಡವಿದರು. ಮೊಳೆಗಳನ್ನು ತಮ್ಮ ಕಿತ್ತಿಟ್ಟುಕೊಂಡಿದ್ದಾನೆ.

ಮೂವರೂ ಇಲ್ಲದೆ ಓದುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆವು. ಇಬ್ಬರೇ ಓದಿದೆವು. ಮಾತು ಮುರಿದೆವು.